ಯಾರೂ ಮಾಡಿರದ ಕರೆಗಳು

ಗದಗಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬು ನೋಡಿಕೊಳ್ಳುವುದು ನನ್ನ ಕೆಲಸ. ವಿದ್ಯಾರ್ಥಿಗಳು ಸುಟ್ಟ ಮೀಟರು, ಮುರಿದ ಸ್ವಿಚ್ಚುಗಳನ್ನು ದಿನವಿಡೀ ರಿಪೇರಿ ಮಾಡಿ ಬೆಟಗೇರಿಯ ಮನೆಗೆ ಬಂದರೆ ಅಲ್ಲಿಯೂ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. "ಲ್ಯಾಬಿನಾಗ ಸಂಬಳ ಕೊಡತಾರ, ಇಲ್ಲೆ ಯಾರು ಕೊಡತಾರ?" ಎಂದು ನನ್ನ ಗಂಡ ನಗುತ್ತಿದ್ದರು. ಅವರದು ಮಾರ್ಕೆಟ್ ಯಾರ್ಡಿನಲ್ಲಿ ಕಾಳುಕಡಿಯ ದಲಾಲಿ ಅಂಗಡಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ, ಮೂವರೇ. ಓಣಿಯಲ್ಲಿ ಇನ್ನೂ ಏಳೆಂಟು ಮನೆಗಳಲ್ಲಿ ಮಗ್ಗ ನಡೆಯುತ್ತವೆ. ಹಗಲೆಲ್ಲ ಆ ಸಪ್ಪಳ ಇದ್ದೇ ಇರುತ್ತದೆ.

ನಾನು ಹೇಳಹೊರಟಿರುವುದು ಅತ್ತೆಯ ಫೋನಿನ ವಿಷಯ. ನಮ್ಮ ಹಳೆಯ ಟೆಲಿಫೋನ್ ಲೈನು ಸತ್ತು ವರ್ಷಗಳಾಗಿದ್ದವು. ಯಂತ್ರ ಮಾತ್ರ ಪಡಸಾಲೆಯ ಗೂಡಿನಲ್ಲಿ ಕೂತಿತ್ತು. ಅತ್ತೆ ಶುಕ್ರವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದರು. ಮೊಬೈಲು ಅವರಿಗೆ ಆಗಿಬರಲಿಲ್ಲ. ಬೆರಳ ತುದಿ ಒಣಗಿ ಒರಟಾಗಿದ್ದರಿಂದ ಗಾಜಿನ ಮೇಲೆ ಎಷ್ಟು ಒತ್ತಿದರೂ ಅದು ಒಪ್ಪಿಕೊಳ್ಳುತ್ತಿರಲಿಲ್ಲ. "ನನ್ನ ಬಟ್ಟು ಇದಕ್ಕ ತಿಳಿಯಂಗಿಲ್ಲ ಬಿಡವ್ವಾ" ಎಂದು ತಿರುಗಿ ಕೊಟ್ಟುಬಿಡುತ್ತಿದ್ದರು. ಲಕ್ಷ್ಮೇಶ್ವರದಲ್ಲಿ ಅವರ ತಂಗಿ ಇದ್ದರು, ನಮಗೆ ಚಿಗವ್ವ. ಅಕ್ಕತಂಗಿಯರಿಗೆ ಮಾತಾಡಬೇಕೆನಿಸಿದರೆ ನಾನೋ ನನ್ನ ಗಂಡನೋ ಮನೆಗೆ ಬರುವತನಕ ಕಾಯಬೇಕಿತ್ತು.

ಇಂಟರ್ನೆಟ್ಟಿನ ಮೂಲಕ ಮನೆಯಲ್ಲೇ ಒಂದು ಸಣ್ಣ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿಕೊಳ್ಳಬಹುದೆಂದು ನಾನು ಎಲ್ಲೋ ಓದಿದ್ದೆ. ಅಂಗೈಯಗಲದ ಒಂದು ಕಂಪ್ಯೂಟರು ಸಾಕು. ಅದರಲ್ಲಿ ಹಾಕುವ ಪ್ರೋಗ್ರಾಮು ಪುಕ್ಕಟೆ ಸಿಗುತ್ತದೆ. ಹಳೆಯ ಫೋನನ್ನು ಇಂಟರ್ನೆಟ್ಟಿಗೆ ಜೋಡಿಸಲು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಅಡಾಪ್ಟರು ಬೇಕು. ಬೇಸಿಗೆಯ ರಜೆಯಲ್ಲಿ ಕೂತೆ. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಅಡುಗೆಮನೆಯಲ್ಲಿ ಇಟ್ಟಿದ್ದ ಇನ್ನೊಂದು ಫೋನಿನಿಂದ, ಪಡಸಾಲೆಯ ಫೋನಿಗೆ ನಾನು ಕೊಟ್ಟಿದ್ದ ನಂಬರು ಇಪ್ಪತ್ತೊಂದನ್ನು ಒತ್ತಿದೆ. ಪಡಸಾಲೆಯ ಗೂಡಿನಲ್ಲಿ ಸತ್ತಿದ್ದ ಯಂತ್ರ ಟ್ರಿಣ್ ಎಂದಿತು. ಅತ್ತೆ ಓಡಿಬಂದು ಎತ್ತಿದರು.

"ಹಲೋ, ಯಾರು?"

"ನಾನ್ರಿ ಅತ್ತಿ."

"ಅಡಿಗಿಮನ್ಯಾಗ ಇದ್ದೀಯಲ್ಲ, ಅಲ್ಲಿಂದನ ಒದರಿದ್ರ ಕೇಳತಿತ್ತಲ್ಲ!"

ಹಾಗೆಂದರೂ ಅವರು ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. ಅದರ ಭಾರ, ಕಿವಿಗೆ ಒತ್ತಿ ಕೂಡುವ ಅದರ ಆಕಾರ, ಸುರುಳಿ ವೈರು, ಎಲ್ಲ ಅವರಿಗೆ ಬೇಕಾಗಿತ್ತು ಎಂದು ಆಗ ತಿಳಿಯಿತು. ಅದಾದ ಮೇಲೆ ಶಿರಹಟ್ಟಿಯ ನನ್ನ ತವರುಮನೆಗೆ ಒಂದು, ಲಕ್ಷ್ಮೇಶ್ವರದ ಚಿಗವ್ವನ ಮನೆಗೆ ಒಂದು ಅಡಾಪ್ಟರು ಹಾಕಿದೆ. ಎರಡಂಕಿ ಒತ್ತಿದರೆ ಒಂದು ಮನೆಯಿಂದ ಇನ್ನೊಂದಕ್ಕೆ ಮಾತು.

ಶಿರಹಟ್ಟಿಯದು ಒಂದೇ ಏಟಿಗೆ ಆಯಿತು. ಲಕ್ಷ್ಮೇಶ್ವರದ್ದು ನನ್ನನ್ನು ಸತಾಯಿಸಿತು. ನಮ್ಮ ಮಾತು ಚಿಗವ್ವನಿಗೆ ಕೇಳುತ್ತಿತ್ತು, ಚಿಗವ್ವನ ಮಾತು ನಮಗೆ ಕೇಳುತ್ತಿರಲಿಲ್ಲ. ನಾಲ್ಕು ಭಾನುವಾರ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋಗಿ ಬಂದೆ. ಆ ಬಸ್ಸಿನಲ್ಲಿ ಹರ್ತಿ ದಾಟುವ ಹೊತ್ತಿಗೆ ಒಂದು ಉಪಾಯ ಹೊಳೆಯುತ್ತಿತ್ತು, ಲಕ್ಷ್ಮೇಶ್ವರ ಮುಟ್ಟಿ ಮಾಡಿನೋಡಿದರೆ ನಡೆಯುತ್ತಿರಲಿಲ್ಲ. ಕೊನೆಗೆ ಬೇಸತ್ತು, ನಮ್ಮ ಮನೆಯ ರೂಟರಿನಲ್ಲಿ ಅತ್ತೆಯ ಫೋನಿನ ಅಡಾಪ್ಟರಿಗೆ ಇದ್ದ ಎಲ್ಲ ತಡೆಗಳನ್ನೂ ತೆಗೆದುಬಿಟ್ಟೆ. ಮನೆಯ ಮುಂಬಾಗಿಲನ್ನು ಬೀದಿಗೆ ತೆರೆದಿಟ್ಟ ಹಾಗೆ. ತಕ್ಷಣ ಚಿಗವ್ವನ ದನಿ ಬಂತು: "ಅಕ್ಕಾ, ಕೇಳಸ್ತೇನ?" ಅತ್ತೆ ಕಣ್ಣೊರೆಸಿಕೊಂಡರು. ಮಾತು ನಡೆಯುತ್ತಿದೆಯಲ್ಲ, ಆಮೇಲೆ ನಿಧಾನಕ್ಕೆ ಸರಿಯಾಗಿ ಮಾಡಿದರಾಯಿತು ಎಂದುಕೊಂಡೆ. ಆಮೇಲೆ ಮರೆತೆ.

ಇಲ್ಲಿ ನನ್ನ ನಾದಿನಿಯ ವಿಷಯ ಹೇಳಬೇಕು. ನನ್ನ ಗಂಡನಿಗೆ ಒಬ್ಬಳೇ ತಂಗಿ. ಮುಂಡರಗಿಯಲ್ಲಿ ಒಂದು ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಇದ್ದಳು. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅಲ್ಲಿಗೆ ಬರುತ್ತಿದ್ದ, ಕೊರ್ಲಹಳ್ಳಿಯಲ್ಲಿ ಪಂಪಿನ ಮೋಟಾರಿಗೆ ತಂತಿ ಸುತ್ತುವ ಒಬ್ಬನನ್ನು ಮೆಚ್ಚಿದಳು. ಬೇರೆ ಜಾತಿಯವನು. ಮನೆಯಲ್ಲಿ ದೊಡ್ಡ ಗದ್ದಲವಾಯಿತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಚೀಲ ತಗೊಂಡು ಹೊರಟುಹೋದಳು. ರಿಜಿಸ್ಟರ್ ಮದುವೆ ಆಯಿತೆಂದು ಸುದ್ದಿ ಬಂತು. ನನ್ನ ಗಂಡ ಮನೆಯಲ್ಲಿ ಆಕೆಯ ಹೆಸರೆತ್ತಬಾರದೆಂದರು. ಅತ್ತೆಯೂ ಬಂದವರ ಮುಂದೆಲ್ಲ, "ನನ್ನ ಕಣ್ಣಿಗೆ ಮಣ್ಣು ಹಾಕಿ ಹೋದಳು" ಎಂದು ಶಪಿಸಿದರು. ಆರು ವರ್ಷ ಹಾಗೇ ಕಳೆಯಿತು.

ಮದುವೆಯಾದ ವಾರದಲ್ಲಿ ನಾದಿನಿ ನನಗೊಂದು ಮೆಸೇಜು ಕಳಿಸಿದ್ದಳು: "ವೈನಿ, ಇದು ನನ್ನ ಹೊಸ ನಂಬರ್. ಅವ್ವ ಹೆಂಗದಾಳ?" ನಾನು ಉತ್ತರ ಕೊಡಲಿಲ್ಲ. ನಂಬರನ್ನು ಅಳಿಸಲೂ ಇಲ್ಲ. 'ಹೂವಿನವಳು' ಎಂಬ ಹೆಸರಿನಲ್ಲಿ ಮೊಬೈಲಿನಲ್ಲಿ ಇಟ್ಟುಕೊಂಡೆ. ಗಂಡನ ಸಿಟ್ಟಿಗೆ ಹೆದರಿದೆ ಎನ್ನುವುದು ಒಂದು ಮಾತು. ಮನೆ ಈಗ ತಣ್ಣಗಿದೆ, ಯಾಕೆ ಕೆದಕಬೇಕು ಎನ್ನುವುದೂ ಇತ್ತು.

ಲಕ್ಷ್ಮೇಶ್ವರದ ಫೋನು ಸರಿಹೋಗಿ ಒಂದೂವರೆ ತಿಂಗಳಾಗಿರಬೇಕು. ಒಂದು ಸಂಜೆ ನಾನು ಕಾಲೇಜಿನಿಂದ ಬಂದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು.

"ಫೋನ್ ಬಂದಿತ್ತು. ಎತ್ತಿದ್ನಿ, ಯಾರೂ ಮಾತಾಡಲಿಲ್ಲ."

ಚಿಗವ್ವ ಇರಬಹುದೆಂದು ನಾನು ನಮ್ಮ ಸರ್ವರಿನ, ಅಂದರೆ ಆ ಅಂಗೈಯಗಲದ ಕಂಪ್ಯೂಟರಿನ, ದಾಖಲೆ ನೋಡಿದೆ. ಯಾವ ಫೋನಿನಿಂದ ಯಾವುದಕ್ಕೆ, ಎಷ್ಟು ಹೊತ್ತಿಗೆ ಕರೆ ಹೋಯಿತು ಎಂಬುದೆಲ್ಲ ಅದರಲ್ಲಿ ಬರೆದುಕೊಳ್ಳುತ್ತದೆ. ಆ ದಿನ ಮಧ್ಯಾಹ್ನ ಒಂದು ಕರೆಯೂ ಇರಲಿಲ್ಲ.

"ಯಾವ ಫೋನೂ ಬಂದಿಲ್ರಿ ಅತ್ತಿ. ಬಾಜೂ ಮನಿದು ಕೇಳಿರಬೇಕು."

"ನಾ ಎತ್ತೇನಿ ಅಂತೇನಿ."

ಎರಡು ದಿನ ಬಿಟ್ಟು ಮತ್ತೆ ಅದೇ. ಆ ವಾರದಲ್ಲಿ ಮತ್ತೊಂದು. ಪ್ರತಿ ಸಲವೂ ನಾನು ದಾಖಲೆ ತೆಗೆದು ನೋಡಿದೆ, ಪ್ರತಿ ಸಲವೂ ಅದು ಖಾಲಿ ಇತ್ತು. ನಾನೇ ಕಟ್ಟಿದ ಯಂತ್ರ, ಅದು ಸುಳ್ಳು ಹೇಳುವುದಿಲ್ಲ ಎಂಬ ಜಂಬ ನನಗೆ. ಪರದೆಯನ್ನು ಅತ್ತೆಯ ಮುಂದೆ ಹಿಡಿದು, "ನೋಡ್ರಿ, ಇಲ್ಲೆ ಬರೀತೈತಿ, ಏನೂ ಇಲ್ಲ" ಎಂದೆ. ಓದಲು ಬಾರದ ಅವರು ಆ ಪರದೆಯನ್ನು ನೋಡಿ, ನನ್ನನ್ನು ನೋಡಿ, ಎದ್ದು ಒಳಗೆ ಹೋದರು. ಆಮೇಲೆ ಅವರು ನನಗೆ ಫೋನಿನ ವಿಷಯ ಹೇಳುವುದನ್ನೇ ಬಿಟ್ಟರು.

ನಾನು ಅದನ್ನು ಗಂಡನಿಗೆ ಹೇಳಿದೆ. ಹೇಳಬಾರದಿತ್ತು. ಅವರಿಗೆ ಅವರಪ್ಪನ ಕೊನೆಯ ದಿನಗಳು ನೆನಪಾದವು. ಮಾವನವರಿಗೆ ಆಗ ಯಾರ ಗುರುತೂ ಸಿಗುತ್ತಿರಲಿಲ್ಲ. ಮರುವಾರವೇ ತಾಯಿಯನ್ನು ಗದಗಿನ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಇವತ್ತು ಯಾವ ವಾರ, ಇದು ಯಾವ ತಿಂಗಳು, ನೂರರಿಂದ ಏಳು ಕಳೆಯುತ್ತ ಹೋಗಿರಿ ಎಂದೆಲ್ಲ ಡಾಕ್ಟರು ಕೇಳಿದರು. ಅತ್ತೆ ವಾರ, ತಿಂಗಳು, ತಿಥಿ ಸಮೇತ ಹೇಳಿದರು. ಏಳು ಕಳೆಯುವಾಗ ಮಾತ್ರ ಒಂದು ಕಡೆ ನಿಂತು ಮಗನ ಮುಖ ನೋಡಿದರು.

"ಯಾಕಪ್ಪಾ, ನನಗ ಹುಚ್ಚು ಹಿಡದೈತಿ ಅಂತ ಹೇಳಸಾಕ ಕರಕೊಂಡು ಬಂದೀಯೇನು?"

"ಹಂಗಲ್ಲ ಯವ್ವಾ, ಸುಮ್ನ ತೋರಿಸೋದು."

ಡಾಕ್ಟರು ಒಂದು ಗುಳಿಗೆ ಬರೆದುಕೊಟ್ಟರು. ಅದನ್ನು ನುಂಗಿದರೆ ಅತ್ತೆ ಹಗಲಲ್ಲೂ ತೂಕಡಿಸುತ್ತಿದ್ದರು. ರೊಟ್ಟಿ ತಟ್ಟುವಾಗ ಕೈ ನಿಧಾನವಾಯಿತು. ನಳ ಬರುವ ದಿನ ಕೊಡ ಇಡುವುದನ್ನು ಮರೆತರು. ಅದನ್ನು ನೋಡಿ ನಾವಿಬ್ಬರೂ, ಹೌದು, ಏನೋ ಆಗಿದೆ ಎಂದು ಇನ್ನಷ್ಟು ನಂಬಿದೆವು.

ಡಿಸೆಂಬರಿನಲ್ಲಿ ನನಗೆ ಜ್ವರ ಬಂದು ಎರಡು ದಿನ ರಜೆ ಹಾಕಿದೆ. ಮೊದಲ ದಿನ ಮಧ್ಯಾಹ್ನ ಕೋಣೆಯಲ್ಲಿ ಮಲಗಿದ್ದೆ. ನಾನು ನಿದ್ದೆ ಮಾಡುತ್ತಿದ್ದೇನೆಂದು ಅತ್ತೆ ಬಾಗಿಲು ಮುಂದಕ್ಕೆ ಮಾಡಿ ಹೋಗಿದ್ದರು. ಆಗ ಫೋನು ಹೊಡೆಯಿತು. ಪಡಸಾಲೆಯ ಫೋನೇ, ಅನುಮಾನವಿಲ್ಲ. ಅತ್ತೆಯ ಕಾಲಸಪ್ಪಳ. ರಿಸೀವರು ಎತ್ತಿದ್ದು ಕೇಳಿತು. ನಾನು ಮೊಬೈಲು ತೆಗೆದು ದಾಖಲೆ ನೋಡಿದೆ. ಖಾಲಿ. ಎದ್ದು ಕೂತೆ.

ಅತ್ತೆ 'ಹಲೋ' ಎನ್ನಲಿಲ್ಲ. ಬಹಳ ಸಣ್ಣ ದನಿಯಲ್ಲಿ ಮಾತು ಶುರುಮಾಡಿದರು.

"ನೀನ ಅಂತ ಗೊತ್ತೈತಿ. ಮಾತಾಡಬ್ಯಾಡ, ಆತು. ಸುಮ್ನ ಕೇಳು... ಮೊನ್ನಿ ಹೇಳೋದು ಅರ್ಧಕ್ಕ ನಿಂತಿತ್ತು. ನೀ ಹೋದ ದಿನ ನನಗ ಗೊತ್ತಿತ್ತವಾ. ಕೋಣ್ಯಾಗ ಟ್ರಂಕಿನ ಹಿಂದ ನಿನ್ನ ಚೀಲ ನೋಡಿದ್ನಿ. ನಾ ಮನ್ಯಾಗ ಇದ್ರ ನೀ ಹೋಗಾಕ ಆಗೂದಿಲ್ಲ ಅಂತ ಹೆಪ್ಪು ಇಸ್ಕೊಂಡ ಬರತೇನಿ ಅಂತ ಹೇಳಿ ಹೊರಬಿದ್ನಿ. ಮನ್ಯಾಗ ಮೊಸರು ಇತ್ತು. ಗುಡಿ ಕಟ್ಟಿಮ್ಯಾಲ ಎರಡ ತಾಸು ಕುಂತಿದ್ನಿ. ಆಮ್ಯಾಲ ನಿಮ್ಮಣ್ಣನ ಸಿಟ್ಟು ನೋಡಿ ನಾನೂ ನಿನ್ನ ಬೈದ್ನಿ. ಎಲ್ಲಾರ ಮುಂದ ಬೈದ್ನಿ..."

ನಡುವೆ ಲೈನು ಕಡಿದಿರಬೇಕು. ಅತ್ತೆ ಎರಡು ಸಲ "ಅವ್ವಾ, ಅವ್ವಾ" ಎಂದು ಕರೆದು ರಿಸೀವರು ಇಟ್ಟರು. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದರು.

ನನ್ನ ಜ್ವರ ಬಿಟ್ಟೇಹೋಯಿತು ಎನ್ನಬೇಕು, ಮೈಯೆಲ್ಲ ಬೆವರು. ಒಂದು ಕ್ಷಣ ನಾನೂ ನಂಬಿದ್ದೆ, ನಾದಿನಿಯೇ ಮಾಡುತ್ತಿದ್ದಾಳೆ ಎಂದು. ಆದರೆ ಆ ಫೋನಿಗೆ ಹೊರಗಿನ ನಂಬರೇ ಇರಲಿಲ್ಲ. ಯಾವ ಮೊಬೈಲಿನಿಂದಲೂ ಅದಕ್ಕೆ ಕರೆ ಬರುವ ದಾರಿಯೇ ಇಲ್ಲ. ಆಗ ನಾನು ತೆಗೆದುಹಾಕಿದ್ದ ತಡೆಗಳು ನೆನಪಾದವು. ಸಂಜೆತನಕ ಓದಿದೆ. ಇಂಟರ್ನೆಟ್ಟಿನಲ್ಲಿ ಹೊತ್ತಿಲ್ಲದ ಹೊತ್ತಿಗೆ ಊರೂರು ತಡಕುತ್ತ ಹೋಗುವ ಪ್ರೋಗ್ರಾಮುಗಳಿವೆ. ಎಲ್ಲಿಯಾದರೂ ಕಾವಲಿಲ್ಲದ ಫೋನು ಸಿಕ್ಕರೆ ಅದರ ಮೂಲಕ ಬಿಟ್ಟಿ ಕರೆ ಮಾಡಬಹುದೇನೋ ಎಂದು ಹುಡುಕುತ್ತವೆ. ಅವು ತಟ್ಟಿದರೆ ಫೋನು ಹೊಡೆಯುತ್ತದೆ. ಎತ್ತಿದರೆ ಆ ಕಡೆ ಯಾರೂ ಇರುವುದಿಲ್ಲ. ಕರೆ ನನ್ನ ಸರ್ವರಿಗೆ ಬಾರದೆ ನೇರ ಅಡಾಪ್ಟರಿಗೇ ಹೋಗುವುದರಿಂದ ನನ್ನ ದಾಖಲೆಯಲ್ಲಿ ಏನೂ ಇರುವುದಿಲ್ಲ. ಅಡಾಪ್ಟರಿನ ಸೆಟ್ಟಿಂಗಿನ ಒಂದು ಪುಟದಲ್ಲಿ ಒಂದು ಸಣ್ಣ ಚೌಕಕ್ಕೆ ಟಿಕ್ಕು ಹಾಕಿದರೆ ಸಾಕು, ನಮ್ಮ ಸರ್ವರಿನಿಂದ ಬಂದ ಕರೆಯನ್ನು ಮಾತ್ರ ಅದು ಒಪ್ಪುತ್ತದೆ.

ಟಿಕ್ಕು ಹಾಕಲು ಅರ್ಧ ನಿಮಿಷ ಬೇಕಿತ್ತು. ನಾನು ಹಾಕಲಿಲ್ಲ. ಗುಳಿಗೆಯನ್ನಾದರೂ ನಿಲ್ಲಿಸಬೇಕಿತ್ತಲ್ಲ, ಅದನ್ನೂ ಧೈರ್ಯವಾಗಿ ಮಾಡಲಿಲ್ಲ. ಅತ್ತೆಗೆ ಕೊಡುವಾಗ ಅರ್ಧ ಮುರಿದು ಕೊಡತೊಡಗಿದೆ. ಹೇಳಿದರೆ ಅವರ ಮಗಳು ಎರಡನೆಯ ಸಲ ಹೋಗಿಬಿಡುತ್ತಾಳೆ ಎನಿಸಿತು. ಹೇಳದಿದ್ದರೆ ದಿನಾ ಒಂದು ಖಾಲಿ ತಂತಿಗೆ ಅವರು ಎದೆ ತೋಡಿಕೊಳ್ಳುತ್ತಾರೆ, ಅದೂ ನಾನೇ ಎಳೆದ ತಂತಿಗೆ. ಲ್ಯಾಬಿನಲ್ಲಿ ಕೂತಾಗ ಮೂರು ಗಂಟೆಯಾದರೆ ಈಗ ಫೋನು ಹೊಡೆಯುತ್ತಿರಬಹುದು ಎಂದು ಕೈಯಲ್ಲಿದ್ದ ಮೀಟರು ಕೆಳಗಿಟ್ಟು ಗಡಿಯಾರ ನೋಡುತ್ತಿದ್ದೆ. ಎರಡು ವಾರ ಹೀಗೆ ಕಳೆಯಿತು.

ಒಂದು ಭಾನುವಾರ ಊಟವಾದ ಮೇಲೆ ನನ್ನ ಗಂಡ ಪಡಸಾಲೆಯಲ್ಲಿ ಅಡ್ಡಾಗಿದ್ದರು. ಅತ್ತೆ ಹಿತ್ತಲಲ್ಲಿ ಇದ್ದರು. ಫೋನು ಹೊಡೆಯಿತು. ಅತ್ತೆ ಓಡಿಬರುವುದರೊಳಗೆ ನನ್ನ ಗಂಡ ಕೈಚಾಚಿ ಎತ್ತಿದ್ದರು. "ಹಲೋ... ಹಲೋ..." ಎಂದರು. ಅತ್ತೆ ಬಾಗಿಲಲ್ಲಿ ನಿಂತು, "ತಮ್ಮಾ, ಕೊಡಿಲ್ಲೆ, ಅದು ನನಗ ಬಂದದ್ದು" ಎಂದರು. ಅವರ ಮುಖ ನೋಡಿಯೇ ಮಗನಿಗೆ ತಿಳಿದುಹೋಯಿತು, ತಾಯಿ ಯಾರನ್ನು ಕಾಯುತ್ತಿದ್ದಾರೆಂದು. ಅವರು ರಿಸೀವರಿನಲ್ಲಿ ಕೂಗಿದರು:

"ನಾಚಿಕಿ ಇದ್ರ ಇನ್ನೊಮ್ಮೆ ಈ ಮನಿಗೆ ಫೋನ ಮಾಡಬ್ಯಾಡ! ಕಳ್ಳರಂಗ ಮುದುಕಿ ಜೋಡಿ... ಇಡು!"

ಆ ದಿನ ಅತ್ತೆ ಉಣ್ಣಲಿಲ್ಲ. ಮರುದಿನವೂ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಹಾಲು ತಗೊಂಡು ಹೋದರೆ, "ಇನ್ನ ಆಕಿ ಮಾಡೂದಿಲ್ಲ" ಎಂದಷ್ಟೇ ಹೇಳಿದರು.

ಸೋಮವಾರ ಸಂಜೆ ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಲಕ್ಷ್ಮೇಶ್ವರದ ಫೋನು ನಡೆಯಲೆಂದು ನಾನು ತೆಗೆದ ತಡೆಗಳು, ಅದನ್ನು ಮರೆತದ್ದು, ಆ ಕರೆಗಳನ್ನು ಯಾವ ಮನುಷ್ಯರೂ ಮಾಡಿರಲಿಲ್ಲವೆಂಬುದು. ಅತ್ತೆ ಮಾತಾಡಿದ್ದನ್ನು ನಾನು ಕೇಳಿದ್ದೆನೆಂದು ಮಾತ್ರ ಹೇಳಲಿಲ್ಲ. ನನ್ನ ಗಂಡ ಮೊದಲು ಅರ್ಥವಾಗದೆ ಎರಡು ಸಲ ಕೇಳಿದರು. ತಾಯಿಗೆ ಏನೂ ಆಗಿಲ್ಲ ಎಂದು ತಿಳಿದಾಗ ಉಸಿರು ಬಿಟ್ಟರು. ಆಮೇಲೆ, "ಹಂಗಾರ ಆಕಿ ಅಲ್ಲ" ಎಂದರು. ಅಷ್ಟು ಹೊತ್ತು ಸಿಟ್ಟಿದ್ದ ಮುಖ ಹೇಗೋ ಇಳಿದುಹೋಯಿತು. ತಂಗಿ ಫೋನು ಮಾಡಿದ್ದಾಳೆಂಬುದು ಅವರಿಗೂ ಎಲ್ಲೋ ಬೇಕಾಗಿತ್ತೆಂದು ನಾನು ಆಗಲೇ ಕಂಡದ್ದು.

ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಒಂದೂ ಅಲ್ಲೇನು?"

"ಒಂದೂ ಅಲ್ರಿ ಅತ್ತಿ."

"ಮೊದಲನೆದ್ದೂ?"

"ಇಲ್ರಿ."

"ಹಂಗಾರ ಆಕಿ ನನ್ನ ನೆನಿಸೇ ಇಲ್ಲ" ಎಂದರು. ಎದ್ದು ಹೋಗಿ ಗುಳಿಗೆಯ ಪೊಟ್ಟಣವನ್ನು ತಂದು ನನ್ನ ಕೈಯಲ್ಲಿಟ್ಟರು. "ಇದನ್ನ ಇನ್ನ ನೀನ ನುಂಗು."

ಅವರು ಹಾಗೆ ಕಟುವಾಗಿ ಮಾತಾಡಿದ್ದು ನಾನು ಸೊಸೆಯಾಗಿ ಬಂದಮೇಲೆ ಅದೇ ಮೊದಲು. ನಾನು ಟಿಕ್ಕು ಹಾಕಿದೆ, ರೂಟರಿನ ತಡೆಗಳನ್ನು ಮತ್ತೆ ಹಾಕಿದೆ. ಲಕ್ಷ್ಮೇಶ್ವರದ್ದನ್ನು ಬೇರೆ ಸರಿಯಾದ ರೀತಿಯಲ್ಲಿ ಜೋಡಿಸಿದೆ. ಒಂದು ತಾಸಿನ ಕೆಲಸ. ಆದರೆ ಚಿಗವ್ವ ಫೋನು ಮಾಡಿದರೂ ಅತ್ತೆ ಎತ್ತದಾದರು. "ಮಲಗ್ಯಾಳ ಅಂತ ಹೇಳು" ಎನ್ನುತ್ತಿದ್ದರು.

ಸಂಕ್ರಾಂತಿಯ ಹಿಂದಿನ ವಾರ, ಕಾಲೇಜಿಗೆ ಹೋಗುತ್ತೇನೆಂದು ಹೇಳಿ ಮುಂಡರಗಿ ಬಸ್ಸು ಹತ್ತಿದೆ. ಚೀಲದಲ್ಲಿ ಒಂದು ಫೋನು, ಒಂದು ಅಡಾಪ್ಟರು. ಮುಂಡರಗಿ ಸ್ಟ್ಯಾಂಡಿನಲ್ಲಿ ನಿಂತು 'ಹೂವಿನವಳು' ಎಂಬ ಹೆಸರನ್ನು ಒತ್ತಿದೆ. ಮೂರನೆಯ ರಿಂಗಿಗೆ ಎತ್ತಿದಳು.

"ವೈನಿ?" ಎಂದಳು. ನನ್ನ ನಂಬರು ಅವಳ ಹತ್ತಿರ ಇತ್ತು. ತಕ್ಷಣ, "ಅವ್ವಗ ಏನಾತು?" ಎಂದು ಕೇಳಿದಳು.

"ಏನೂ ಆಗಿಲ್ಲ. ನಾ ಬರಾಕತ್ತೇನಿ."

ಕೊರ್ಲಹಳ್ಳಿಯಲ್ಲಿ ರಸ್ತೆಗೆ ಹತ್ತಿದಂತೆ ಅವಳ ಗಂಡನ ಅಂಗಡಿ, ಹಿಂದೆ ಮನೆ. ಹೊಳೆದಂಡೆಯ ಪಂಪುಗಳ ಮೋಟಾರುಗಳೆಲ್ಲ ಅಲ್ಲಿಗೇ ಬರುತ್ತವಂತೆ. ಅಂಗಳದ ತುಂಬ ಬಿಚ್ಚಿದ ಮೋಟಾರುಗಳಿದ್ದವು. ಅವಳ ಗಂಡ ನೀರು ಕೊಟ್ಟು, "ಕುಂಡ್ರಿ, ಮಾತಾಡ್ರಿ" ಎಂದು ಎಲ್ಲಿಗೋ ಹೊರಟುಹೋದರು. ನಾದಿನಿ ತಾಮ್ರದ ತಂತಿ ಸುತ್ತುವ ಯಂತ್ರದ ಮುಂದೆ ಕೂತಿದ್ದಳು. ಈಗ ಅವಳೂ ಆ ಕೆಲಸ ಕಲಿತಿದ್ದಾಳೆ. ಕೈ ಸೊರಗಿತ್ತು, ಬೆರಳುಗಳಲ್ಲಿ ವಾರ್ನಿಶ್ ಮೆತ್ತಿತ್ತು.

"ತಡಿ ವೈನಿ, ಎಣಿಕಿ ತಪ್ಪತೈತಿ. ನೀ ಹೇಳು, ನಾ ಕೇಳತೇನಿ" ಎಂದು ಹಿಡಿಕೆ ತಿರುಗಿಸುತ್ತಲೇ ಇದ್ದಳು.

ನಾನು ಹೇಳಿದೆ. ತುಟಿಯಲ್ಲೇ ಸುತ್ತು ಎಣಿಸುತ್ತ ಕೇಳಿದಳು. ಡಾಕ್ಟರ ವಿಷಯ ಬಂದಾಗಲೂ ಕೈ ನಿಲ್ಲಲಿಲ್ಲ. ಅತ್ತೆ ಫೋನಿನಲ್ಲಿ ಮಾತಾಡುತ್ತಿದ್ದರು ಎಂದಾಗ, "ಏನಂದ್ಲು?" ಎಂದಳು.

ಹೇಳಬೇಕೋ ಬೇಡವೋ ಎಂದು ನಾನು ಯೋಚಿಸಲಿಲ್ಲ. ಹೇಳಿಬಿಟ್ಟೆ. ಟ್ರಂಕಿನ ಹಿಂದಿನ ಚೀಲ, ಹೆಪ್ಪಿನ ನೆಪ, ಗುಡಿಕಟ್ಟೆಯ ಮೇಲೆ ಎರಡು ತಾಸು. ಹಿಡಿಕೆ ನಿಂತಿತು. ಅವಳು ಸುತ್ತಿದ್ದ ತಂತಿಯನ್ನು ಬಿಚ್ಚತೊಡಗಿದಳು. ಎಣಿಕೆ ತಪ್ಪಿತ್ತು.

"ನಾ ಒಮ್ಮೆನೂ ಫೋನ ಮಾಡಿಲ್ಲ ವೈನಿ. ಮನ್ಯಾಗಿನ ಫೋನ ಬಂದ್ ಆಗೇತಿ ಅಂತ ಗೊತ್ತಿತ್ತು. ಅಣ್ಣಗ ಮಾಡಾಕ ಧೈರ್ಯ ಆಗಲಿಲ್ಲ. ನಿನಗ ಮೆಸೇಜ ಹಾಕಿದ್ನಿ. ನನ್ನ ನಂಬರ ಇವತ್ತಿಗೂ ಅದ ಐತಿ."

"ಹೌದು."

"ಅವ್ವಗ ಕೊಟ್ಟಿದ್ದೇನು?"

"ಇಲ್ಲ."

"ಲಕ್ಷ್ಮೇಶ್ವರಕ್ಕ ಜೋಡಿಸಿದಿ, ಶಿರಹಟ್ಟಿಗೆ ಜೋಡಿಸಿದಿ. ಅಡಿಗಿಮನಿಗೂ ಒಂದು ಜೋಡಿಸಿದಿ." ಅವಳ ದನಿ ಏರಲಿಲ್ಲ. ಅದು ಏರಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಚೀಲದಿಂದ ಫೋನು ತೆಗೆದೆ. ಇದನ್ನು ಇಲ್ಲಿ ಹಾಕಿದರೆ ಮಧ್ಯಾಹ್ನ ಯಾರಿಗೂ ತಿಳಿಯದ ಹಾಗೆ ತಾಯಿಯ ಜೊತೆ ಮಾತಾಡಬಹುದೆಂದು ಹೇಳಿದೆ. ಅವಳು ಅದನ್ನು ಮುಟ್ಟಲೂ ಇಲ್ಲ.

"ಕದ್ದು ಮಾತಾಡೋದು ನನಗ ಬ್ಯಾಡ. ಒಮ್ಮೆ ಕದ್ದು ಹೋಗೇನಿ, ಅಷ್ಟ ಸಾಕು. ಅಣ್ಣಗ ಹೇಳು. ಹೇಳಿದ ಮ್ಯಾಲ ಅವ್ವ ಮಾಡಿದ್ರ ಎತ್ತತೇನಿ."

ಊಟ ಮಾಡಿ ಹೋಗು ಎಂದಳು. ಉಂಡೆ. ಬಸ್ಸಿನತನಕ ಬಂದು ಬಿಟ್ಟಳು. ಚೀಲ ಹೋಗುವಾಗಿನಷ್ಟೇ ಭಾರವಿತ್ತು.

ಆ ಸಂಜೆ ಗಂಡನಿಗೆ ಹೇಳಿದೆ. ಕೊರ್ಲಹಳ್ಳಿಗೆ ಹೋಗಿದ್ದಕ್ಕೆ ಸಿಟ್ಟು ಬರುತ್ತದೆಂದು ನಾನು ತಯಾರಾಗಿದ್ದೆ. ಅವರು ಅದನ್ನು ಕೇಳಲೇ ಇಲ್ಲ.

"ಎಷ್ಟು ದಿನದಿಂದ ಇತ್ತು ನಂಬರು ನಿನ್ನ ಕಡೆ?"

"ಮದವಿ ಆದ ವಾರದಿಂದ್ರಿ."

"ಅಂದ್ರ ಆರು ವರ್ಷ ನನ್ನ ಮುಂದ ಕುಂತು ಉಂಡಿ."

"ನೀವ ಹೆಸರೆತ್ತಬಾರದು ಅಂದಿದ್ರಿ."

"ಅಂದಿದ್ನಿ." ಅಂಗಿ ಕಳಚಿ ಗೂಟಕ್ಕೆ ಹಾಕುತ್ತ ಹೇಳಿದರು: "ಸಿಟ್ಟಿನಾಗ ಅಂದದ್ದು ಒಂದ ವರ್ಷ ಇರತೈತಿ, ಎರಡ ವರ್ಷ ಇರತೈತಿ. ಆಮ್ಯಾಲ ಯಾರರ ಎತ್ತತಾರ ಅಂತ ನಾನೂ ನೋಡತಿದ್ನಿ."

ಸಂಕ್ರಾಂತಿ ಮುಗಿಯುವವರೆಗೂ ಅವರು ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ಹಬ್ಬದ ಮರುದಿನ ಅಂಗಡಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ, ತಾಯಿಗೆ ಕೇಳುವ ಹಾಗೆ, "ಅವ್ವಗ ಮಾತಾಡಬೇಕು ಅನಸಿದ್ರ ಹಚ್ಚಿ ಕೊಡು" ಎಂದು ಹೇಳಿ ಹೋದರು.

ಗೂಡಿನ ಫೋನಿನಿಂದಲೇ ಮಾಡಿಸಬೇಕೆಂದು ನನಗೆ ಆಸೆ. ಹೊರಗಿನ ಮೊಬೈಲಿಗೆ ಅದರಿಂದ ಕರೆ ಹೋಗುವ ಹಾಗೆ ಮಾಡುವ ದಾರಿಯನ್ನೂ ಯೋಚಿಸಿದ್ದೆ. ಅತ್ತೆ ಒಪ್ಪಲಿಲ್ಲ. "ಅದು ಬ್ಯಾಡ. ಅದರಾಗ ಯಾರು ಇರತಾರೋ ಯಾರಿಗೆ ಗೊತ್ತು" ಎಂದರು. ನನ್ನ ಮೊಬೈಲಿನಲ್ಲೇ ಹಚ್ಚಿ ಅವರ ಕಿವಿಗೆ ಹಿಡಿದೆ. ಆ ಕಡೆ "ಅವ್ವಾ" ಎಂದದ್ದು ನನಗೂ ಕೇಳಿತು. ತಿಂಗಳುಗಟ್ಟಲೆ ಖಾಲಿ ಲೈನಿನಲ್ಲಿ ಅಷ್ಟು ಮಾತಾಡಿದ್ದ ಅತ್ತೆ ಈಗ ಬಾಯಿ ಬಿಡಲಿಲ್ಲ. ನನ್ನ ಮುಖ ನೋಡಿದರು. ಫೋನಿನ ಕಡೆ ಅನುಮಾನದಿಂದ ಕಣ್ಣು ಹೊರಳಿಸಿದರು.

"ಖರೇನ ನೀನ ಹೌದೇನು?" ಎಂದರು ಕೊನೆಗೆ.

"ಹೌದವ್ವಾ, ನಾನ."

"ಹಂಗಾರ ನಿನ್ನ ಕಾಲಾಗಿನ ಗಾಯದ ಕಲಿ ಯಾವ ಕಾಲಾಗಿನದು ಹೇಳು."

"ಎಡಗಾಲಾಗಿಂದು. ಬಚ್ಚಲ ಕಲ್ಲಿಗೆ ಬಿದ್ದಿದ್ನಲ್ಲ" ಎಂದು ಆಕೆ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಐದು ನಿಮಿಷ ಮಾತಾಡಿದರು. ಈ ಸಲ ಎಳ್ಳುಹೋಳಿಗೆ ಗಟ್ಟಿಯಾಗಿದ್ದವು, ಹೊಳೆಯಲ್ಲಿ ನೀರು ಎಷ್ಟಿದೆ, ಮಗಳ ಹಳೆಯ ಕಿವಿನೋವು ಈಗ ಹೇಗಿದೆ, ಇಷ್ಟೇ. ಆರು ವರ್ಷದ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ.

ಇದಾಗಿ ಎರಡು ವರ್ಷವಾಗುತ್ತ ಬಂತು. ತಿಂಗಳಿಗೆ ಎರಡು ಮೂರು ಸಲ ತಾಯಿ ಮಗಳು ಮಾತಾಡುತ್ತಾರೆ. ನಾದಿನಿ ಇನ್ನೂ ಈ ಮನೆಗೆ ಬಂದಿಲ್ಲ. ನನ್ನ ಗಂಡ "ಹೆಂಗದಾಳ?" ಎಂದು ತಾಯಿಯನ್ನು ಕೇಳುವಷ್ಟಕ್ಕೆ ಬಂದಿದ್ದಾರೆ, ಫೋನು ಕೈಗೆ ತಗೊಂಡಿಲ್ಲ. ಶಿರಹಟ್ಟಿಯ ಫೋನು, ಲಕ್ಷ್ಮೇಶ್ವರದ ಫೋನು ನಡೆಯುತ್ತಿವೆ. ಏನಾದರೂ ಕೆಟ್ಟರೆ ಸರಿಮಾಡುತ್ತೇನೆ, ಹೊಸದೇನನ್ನೂ ಜೋಡಿಸಲು ಹೋಗುವುದಿಲ್ಲ. ಆ ಆಸೆ ಹೋಯಿತು.

ಮಗಳ ಜೊತೆ ಮಾತಾಡುವಾಗ ಅತ್ತೆ ಹಿತ್ತಲಿಗೆ ಹೋಗಿ ಕದ ಮುಂದಕ್ಕೆ ಮಾಡಿಕೊಳ್ಳುತ್ತಾರೆ. ನಾನು ಹಚ್ಚಿಕೊಟ್ಟು ಈಚೆಗೆ ಬರುತ್ತೇನೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಇಬ್ಬರೂ ಕೂತು ಮೆಂತ್ಯೆಸೊಪ್ಪು ಬಿಡಿಸಿ ಸೋಸುತ್ತಿದ್ದಾಗ ತಲೆ ಎತ್ತದೆ ಕೇಳಿದರು.

"ನಿನಗ ಜ್ವರ ಬಂದಿತ್ತಲ್ಲ, ಆವತ್ತ ನಾ ಫೋನಿನಾಗ ಮಾತಾಡಿದ್ದು ಕೇಳಿದ್ದೇನು?"

"ಕೇಳಿದ್ನಿರಿ."

"ಎಲ್ಲಾ?"

"ಎಲ್ಲಾನೂ."

"ಆಕಿಗೆ ಹೇಳಿದಿಯೇನು?"

"ಹೇಳಿದ್ನಿರಿ. ಕೊರ್ಲಹಳ್ಳಿಗೆ ಹೋದಾಗ."

"ಅದಕ್ಕ ಆಕಿ ಆ ದಿನದ ಮಾತು ಒಮ್ಮೆನೂ ಕೇಳಲಿಲ್ಲ" ಎಂದರು. "ಅದನ್ನ ನಾನ ಹೇಳಬೇಕಾಗಿತ್ತು. ಇಷ್ಟು ದಿನ ಹೆಂಗ ಹೇಳಲಿ, ಹೆಂಗ ಹೇಳಲಿ ಅಂತ ಕುಂತಿದ್ನಿ."

ತಪ್ಪಾಯಿತೆಂದು ನಾನು ಹೇಳಿದೆ. ಅವರು ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿಕೊಂಡು ತೊಳೆಯಲು ಎದ್ದು ಹೋದರು.